ಶಕ್ತಿಶಾಲಿ ಎಂಜಿನ್ನಿಗೆ ಹಾರ್ಮೋನಿಕ್ ಬ್ಯಾಲೆನ್ಸರ್: ರಬ್ಬರೋ, ಸಿಲಿಕೋನೋ?

ಎಂಜಿನ್ ಬಿಚ್ಚಿ ಕಟ್ಟುವವರ ಪಟ್ಟಿಯಲ್ಲಿ, ಎಂಜಿನ್ನಿನ ಮೂತಿಯಲ್ಲಿ ಕೂರುವ ಚಕ್ರದಂಥ ಭಾಗವಾದ ಹಾರ್ಮೋನಿಕ್ ಬ್ಯಾಲೆನ್ಸರ್‌ನ ಸರದಿ ಬರುವುದು ಬಹುಮಟ್ಟಿಗೆ ಕೊನೆಯಲ್ಲಿ, ಅದೂ ಕೈಯಲ್ಲಿದ್ದ ಹಣವೆಲ್ಲ ಸಿಲಿಂಡರ್ ಹೆಡ್, ಕ್ಯಾಮ್‌ಶಾಫ್ಟ್, ಪಿಸ್ಟನ್‌ಗಳಿಗೆ ಖರ್ಚಾಗಿ ಹೋದ ಮೇಲೆ. ಅದರಿಂದ ಒಂದು ಅಶ್ವಶಕ್ತಿಯೂ ಹೆಚ್ಚುವುದಿಲ್ಲ, ಬಾನೆಟ್ ಎತ್ತಿದಾಗ ಅದು ಬೆಲ್ಟುಗಳ ಹಿಂದೆ ಅಡಗಿ ಕುಳಿತಿರುತ್ತದೆ. ಹಾಗಾಗಿ ಹಳೆಯದನ್ನೇ ಒರೆಸಿ ಮತ್ತೆ ಕೂರಿಸುವವರೇ ಹೆಚ್ಚು. ನಾನೂ ಹಾಗೆ ಮಾಡಿದವನೇ. ಷೆವರ್ಲೆಯ 350 ಘನ ಇಂಚಿನ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನನ್ನು 383 ಘನ ಇಂಚಿಗೆ, ಅಂದರೆ ಸುಮಾರು 6.3 ಲೀಟರಿಗೆ ಹಿಗ್ಗಿಸಿದ ಮೇಲೆ, ಮೂರು ಬಗೆಯ ಬ್ಯಾಲೆನ್ಸರುಗಳನ್ನು ಅದರ ಮೂತಿಗೆ ಹಾಕಿ ಓಡಿಸಿ ನೋಡಿದ ಅನುಭವದ ಆಧಾರದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಹೆಸರಿನ ಗೊಂದಲವನ್ನು ತೊಡೆದುಹಾಕಬೇಕು. ಇದನ್ನು ಬ್ಯಾಲೆನ್ಸರ್ ಎಂದು ಕರೆಯುತ್ತೇವಾದರೂ ಇದರ ಮುಖ್ಯ ಕೆಲಸ ಸಮತೋಲನವಲ್ಲ. ಸಿಲಿಂಡರಿನಲ್ಲಿ ಇಂಧನ ಉರಿದಾಗಲೆಲ್ಲ ಪಿಸ್ಟನ್ನಿಗೆ ಕೂಡಿದ ಕನೆಕ್ಟಿಂಗ್ ರಾಡ್, ಪಿಸ್ಟನ್ನುಗಳ ಏರಿಳಿತವನ್ನು ತಿರುಗುವಿಕೆಯಾಗಿಸುವ ಕ್ರ್ಯಾಂಕ್‌ಶಾಫ್ಟಿನ ಒಂದು ಭಾಗವನ್ನು ಜೋರಾಗಿ ತಳ್ಳುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿದಂತೆ ಆ ಉಕ್ಕಿನ ದಂಡ ತನ್ನ ಉದ್ದಕ್ಕೂ ಒಂದಿಷ್ಟು ತಿರುಚಿಕೊಂಡು, ಮರುಕ್ಷಣವೇ ಸ್ಪ್ರಿಂಗಿನಂತೆ ಹಿಂದಕ್ಕೆ ಚಿಮ್ಮುತ್ತದೆ. ಕಣ್ಣಿಗೆ ಕಾಣದ ಈ ತಿರುಚು ಕಂಪನವನ್ನು ನುಂಗಿ ಶಾಖವಾಗಿ ಹೊರಹಾಕುವುದೇ ಈ ಭಾಗದ ಕೆಲಸ, ಆದ್ದರಿಂದ ಡ್ಯಾಂಪರ್ ಎಂಬ ಹೆಸರೇ ಇದಕ್ಕೆ ಹೆಚ್ಚು ಒಪ್ಪುತ್ತದೆ. ಫ್ಲೈವೀಲ್ ಎಂಬ ದೊಡ್ಡ ಚಕ್ರದ ಭಾರ ಹಿಂಬದಿಯನ್ನು ಹಿಡಿದಿಟ್ಟುಕೊಂಡಿರುವುದರಿಂದ ಕಂಪನ ಅತಿ ಹೆಚ್ಚಾಗಿರುವುದು ಶಾಫ್ಟಿನ ಮುಂದಿನ ತುದಿಯಲ್ಲಿ. ಡ್ಯಾಂಪರನ್ನು ಅಲ್ಲಿಯೇ ಕೂರಿಸುವುದಕ್ಕೆ ಕಾರಣ ಅದು, ಬೆಲ್ಟು ಓಡಿಸುವ ಅನುಕೂಲಕ್ಕಾಗಿ ಅಲ್ಲ. 20ನೇ ಶತಮಾನದ ಆರಂಭದಲ್ಲಿ ಉದ್ದನೆಯ ಆರು ಸಿಲಿಂಡರ್ ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟುಗಳು ಕಾರಣವೇ ತಿಳಿಯದಂತೆ ಮುರಿಯುತ್ತಿದ್ದಾಗ ಫ್ರೆಡರಿಕ್ ಲ್ಯಾಂಚೆಸ್ಟರ್‌ ಅವರಂಥ ಎಂಜಿನಿಯರುಗಳು ಹುಡುಕಿದ ಪರಿಹಾರವಿದು. ಉದ್ದ ಹೆಚ್ಚಿದಷ್ಟೂ ಶಾಫ್ಟು ಸುಲಭವಾಗಿ ತಿರುಚಿಕೊಳ್ಳುತ್ತದೆ ಎಂಬುದು ಇಂದಿನ ಇನ್‌ಲೈನ್ ಆರು ಸಿಲಿಂಡರ್ ಎಂಜಿನ್ನುಗಳಿಗೂ ಅನ್ವಯಿಸುವ ಮಾತು.

ಇಷ್ಟಕ್ಕೆ ನಿಂತಿದ್ದರೆ ದೊಡ್ಡ ತೊಂದರೆಯಿರಲಿಲ್ಲ. ಪ್ರತಿಯೊಂದು ಕ್ರ್ಯಾಂಕ್‌ಶಾಫ್ಟಿಗೂ ತನ್ನದೇ ಆದ ಒಂದು ಸಹಜ ಆವೃತ್ತಿ ಇರುತ್ತದೆ. ಉರಿಯುವ ಸಿಲಿಂಡರುಗಳ ಹೊಡೆತ ಆ ಆವೃತ್ತಿಗೆ ತಾಳೆಯಾದಾಗ, ಸರಿಯಾದ ಗಳಿಗೆಯಲ್ಲಿ ಮತ್ತೆ ಮತ್ತೆ ತಳ್ಳಿದ ಜೋಕಾಲಿಯಂತೆ ಕಂಪನ ಬೆಳೆಯುತ್ತ ಹೋಗುತ್ತದೆ. ನಾಲ್ಕು ಸ್ಟ್ರೋಕಿನ ವಿ8 ಎಂಜಿನ್ನಿನಲ್ಲಿ ಒಂದು ಸುತ್ತಿಗೆ ನಾಲ್ಕು ಸಿಲಿಂಡರುಗಳು ಉರಿಯುತ್ತವೆ. 6000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 6000 ಸುತ್ತು) ಅದು ಸೆಕೆಂಡಿಗೆ 400 ಹೊಡೆತ, 8000ದಲ್ಲಿ ಸುಮಾರು 533. ಯಾವುದೋ ಒಂದು ಶಾಫ್ಟಿನ ಸಹಜ ಆವೃತ್ತಿ 400 ಹರ್ಟ್ಸ್ ಎಂದಿಟ್ಟುಕೊಂಡರೆ, ಅದಕ್ಕೆ 6000 ಆರ್‌ಪಿಎಂ ಒಂದು ಗಂಡಾಂತರದ ಜಾಗ. ಸುತ್ತಿಗೆ ಎಂಟು ಬಾರಿಯ, ಅಂದರೆ ಹೊಡೆತದ ಎರಡರಷ್ಟು ವೇಗದ ಕಂಪನದ ಲೆಕ್ಕದಲ್ಲಿ 3000 ಆರ್‌ಪಿಎಂ ಇನ್ನೊಂದು. ಎರಡು ಸುತ್ತಿಗೆ ಒಂದು ಚಕ್ರ ಪೂರ್ಣವಾಗುವ ಕಾರಣ ಅರ್ಧರ್ಧ ಲೆಕ್ಕದ ಕಂಪನಗಳೂ ನಡುನಡುವೆ ಇರುತ್ತವೆ. ಎಂಜಿನ್ನು ಯಾವ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಎನ್ನುವ ಪ್ರಶ್ನೆಗೆ ಉತ್ತರವಿಲ್ಲದೆ ಡ್ಯಾಂಪರ್ ಕೊಳ್ಳಹೊರಡುವುದು ಪಾದದ ಅಳತೆ ತಿಳಿಯದೆ ಚಪ್ಪಲಿ ಕೊಂಡಂತೆ.

ಕಾರ್ಖಾನೆಯ ಡ್ಯಾಂಪರ್ ಕಾರ್ಖಾನೆಯ ಶಾಫ್ಟಿಗೆ ಸರಿಹೊಂದುವಂತೆ ತಯಾರಾಗಿರುತ್ತದೆ, ಅದರಲ್ಲಿ ಕೊರತೆಯೇನಿಲ್ಲ. ಶಾಫ್ಟನ್ನು ಬದಲಾಯಿಸಿದವರು ನಾವು. 350ರ ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 3.48 ಇಂಚು, 383ರದು 3.75. ಶಾಫ್ಟು ಬ್ಲಾಕಿನ ಬೇರಿಂಗಿನಲ್ಲಿ ತಿರುಗುವ ಭಾಗವಾದ ಮೇನ್ ಜರ್ನಲ್ಲಿನ ವ್ಯಾಸ 2.45 ಇಂಚು, ಕನೆಕ್ಟಿಂಗ್ ರಾಡ್ ಹಿಡಿದುಕೊಳ್ಳುವ ರಾಡ್ ಜರ್ನಲ್ಲಿನದು 2.10 ಇಂಚು. ಈ ಎರಡು ಜರ್ನಲ್ಲುಗಳು ಒಂದರ ಮೇಲೊಂದು ಹಾಯುವ ಭಾಗದ ದಪ್ಪ ಎಷ್ಟೆಂದು ಲೆಕ್ಕ ಹಾಕಿದರೆ, 350ರಲ್ಲಿ ಸುಮಾರು 0.535 ಇಂಚು ಸಿಗುತ್ತದೆ, 383ರಲ್ಲಿ 0.40 ಮಾತ್ರ. ಅಂದರೆ ಶಾಫ್ಟಿನ ಬಿಗಿತ ನಿಂತಿರುವ ಕೊಂಡಿಯಲ್ಲೇ ಕಾಲುಭಾಗದಷ್ಟು ದಪ್ಪ ಹೋಗಿರುತ್ತದೆ. ಅದರ ಜೊತೆಗೆ ಪಿಸ್ಟನ್, ರಾಡ್, ಕೌಂಟರ್‌ವೆಯ್ಟುಗಳ ತೂಕವೂ ಬದಲಾಗಿರುತ್ತದೆ. ಬಿಗಿತ ಕುಗ್ಗಿದರೆ ಸಹಜ ಆವೃತ್ತಿ ಇಳಿಯುತ್ತದೆ, ತೂಕ ಇಳಿದರೆ ಅದು ಏರುತ್ತದೆ. ಕೊನೆಗೆ ಅದು ಎಲ್ಲಿ ಬಂದು ನಿಂತಿದೆಯೆಂಬುದು ಹಳೆಯ ಡ್ಯಾಂಪರಿಗೆ ಹೇಗೆ ಗೊತ್ತಾಗಬೇಕು?

ಹೀಗಿದ್ದೂ ನಾನು ಮೊದಲು ಹಾಕಿದ್ದು ಕಾರ್ಖಾನೆಯ ಮಾದರಿಯಲ್ಲೇ ಇದ್ದ, ಹೊಸ ರಬ್ಬರ್ ತುಂಬಿ ಮಾರುತ್ತಿದ್ದ ಒಂದು ಅಗ್ಗದ ಬ್ಯಾಲೆನ್ಸರನ್ನು. ಅದರ ರಚನೆ ಸರಳ: ನಡುವೆ ಶಾಫ್ಟಿಗೆ ಕೂರುವ ಹಬ್, ಹೊರಗೆ ಭಾರದ ಉಂಗುರ, ಇವೆರಡರ ನಡುವೆ ಒತ್ತಿ ಕೂರಿಸಿದ ರಬ್ಬರಿನ ಪಟ್ಟಿ. ಒಂದು ಋತು ಕಳೆಯುವಷ್ಟರಲ್ಲಿ ಎಂಜಿನ್ನು ಏರಿನಲ್ಲಿ ಟಿಕಟಿಕನೆ ನಾಕ್ ಹೊಡೆಯತೊಡಗಿತು. ಕಿಡಿ ಹಾರುವ ಗಳಿಗೆಯನ್ನು ತೋರಿಸುವ ಟೈಮಿಂಗ್ ಲೈಟ್ ಹಿಡಿದು ನೋಡಿದರೆ ಉಂಗುರದ ಮೇಲಿನ ಗುರುತು ಇರಬೇಕಾದ ಜಾಗದಲ್ಲೇ ಇತ್ತು. ಕಾರ್ಬ್ಯುರೇಟರ್, ಇಂಧನ, ಸ್ಪಾರ್ಕ್ ಪ್ಲಗ್ ಎಲ್ಲವನ್ನೂ ಶಂಕಿಸಿ ದಣಿದ ಮೇಲೆ, ಪಿಸ್ಟನ್ ಸ್ಟಾಪ್ ತಿರುಗಿಸಿ ಮೊದಲ ಸಿಲಿಂಡರಿನ ನಿಜವಾದ ಮೇಲುತುದಿಯನ್ನು ಹುಡುಕಿದೆ. ಗುರುತಿಗೂ ನಿಜಕ್ಕೂ 6 ಡಿಗ್ರಿ ಅಂತರವಿತ್ತು. ಹೊರ ಉಂಗುರ ರಬ್ಬರಿನ ಮೇಲೆ ಜಾರಿತ್ತು. ನಾನು ಸುಳ್ಳು ಗುರುತನ್ನು ನಂಬಿ ಕಿಡಿಯನ್ನು ಅಷ್ಟು ಮುಂಚಿತವಾಗಿ ಹಾರಿಸುತ್ತಿದ್ದೆ. ಜಾರಿದ ಉಂಗುರ ಕಂಪನವನ್ನೂ ಸರಿಯಾಗಿ ನುಂಗುವುದಿಲ್ಲ, ಆದರೆ ಅದನ್ನು ತೋರಿಸುವ ಯಾವ ದೀಪವೂ ಡ್ಯಾಶ್‌ಬೋರ್ಡಿನಲ್ಲಿಲ್ಲ.

ಆ ಪೆಟ್ಟು ತಿಂದ ನಂತರವೇ ನಾನು ಉಳಿದ ಬಗೆಗಳನ್ನು ಗಂಭೀರವಾಗಿ ಓದಿ, ಎರಡನ್ನು ಕೊಂಡೆ.

ಮೊದಲನೆಯದು ಎಟಿಐ ಸಂಸ್ಥೆಯ ಸೂಪರ್ ಡ್ಯಾಂಪರ್. ಇದೂ ರಬ್ಬರಿನದೇ, ಆದರೆ ಇಲ್ಲಿ ರಬ್ಬರನ್ನು ಅಂಟಿಸಿಯೂ ಇಲ್ಲ, ಬರಿಯ ಒತ್ತಡದ ಮೇಲೆ ಬಿಟ್ಟೂ ಇಲ್ಲ: ಜಡತ್ವದ ಉಂಗುರದಲ್ಲೂ ಕವಚದಲ್ಲೂ ಕೊರೆದ ತೋಡುಗಳಲ್ಲಿ ಓ-ರಿಂಗುಗಳು ಕೂತಿರುತ್ತವೆ. ಓ-ರಿಂಗಿನ ಗಡಸುತನವನ್ನು ಬದಲಾಯಿಸಿದರೆ ಡ್ಯಾಂಪರಿನ ಸ್ವಂತ ಆವೃತ್ತಿ ಬದಲಾಗುತ್ತದೆ. ತಂಬೂರಿಯ ತಂತಿಯನ್ನು ಬಿರಡೆ ತಿರುಗಿಸಿ ಶ್ರುತಿಗೆ ತಂದಂತೆ ಈ ಡ್ಯಾಂಪರನ್ನು ನಿರ್ದಿಷ್ಟ ಎಂಜಿನ್ನಿಗೆ ಶ್ರುತಿ ಮಾಡಬಹುದು. ಹಬ್ಬು ಬೇರೆ, ಕವಚ ಬೇರೆಯಾಗಿ ಬೋಲ್ಟುಗಳಿಂದ ಕೂಡಿಕೊಳ್ಳುವುದರಿಂದ ಬಿಚ್ಚಿ ರಬ್ಬರ್ ಬದಲಾಯಿಸಿ ಮತ್ತೆ ಕಟ್ಟಬಹುದು. ಹೊರಮೈಯಲ್ಲಿ ಪೂರ್ತಿ 360 ಡಿಗ್ರಿಗೂ ಗುರುತುಗಳಿವೆ; ವಾಲ್ವ್ ಹೊಂದಿಸುವಾಗ ಇದು ಎಷ್ಟು ನೆಮ್ಮದಿ ಕೊಡುತ್ತದೆಂದು ಬಗ್ಗಿ ನಿಂತು ಸೊಂಟ ನೋಯಿಸಿಕೊಂಡವರಿಗೇ ಗೊತ್ತು. ಜೋಡಣೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಸಂಗತಿ, ಹಬ್ಬನ್ನು ಮಾತ್ರ ಬೇರ್ಪಡಿಸಿ ಬಿಸಿ ಮಾಡಬಹುದು, ರಬ್ಬರಿಗೆ ಶಾಖ ತಾಗಿಸಬೇಕಿಲ್ಲ.

ಶ್ರುತಿ ಮಾಡಿದ ಡ್ಯಾಂಪರಿನ ಬಲವೂ ಮಿತಿಯೂ ಒಂದೇ ಕಡೆ ಇವೆ. ಹೊಂದಿಸಿದ ಆವೃತ್ತಿಯ ಆಸುಪಾಸಿನಲ್ಲಿ ಅದು ಕಂಪನದ ಶಿಖರವನ್ನು ಸಮರ್ಥವಾಗಿ ಮುರಿಯುತ್ತದೆ, ಅಲ್ಲಿಂದ ದೂರ ಸರಿದಂತೆ ಅದರ ಹಿಡಿತ ಸಡಿಲವಾಗುತ್ತದೆ. ರಬ್ಬರ್ ಬಿಸಿಯಾದಾಗ ಮೆತ್ತಗಾಗಿ, ವಯಸ್ಸಾದಾಗ ಗಟ್ಟಿಯಾಗಿ ಆ ಶ್ರುತಿಯೂ ಒಂದಿಷ್ಟು ಆಚೀಚೆ ಆಗುತ್ತದೆ. ಸೋರುವ ಎಣ್ಣೆ ತಗುಲಿದರೆ ಆಯುಸ್ಸು ಇನ್ನೂ ಕಡಿಮೆ. ಡ್ರ್ಯಾಗ್ ಓಟದ ಎಂಜಿನ್ನಿನಂತೆ ಕಿರಿದಾದ ವೇಗದ ಪಟ್ಟಿಯಲ್ಲೇ ಬದುಕುವ, ಆಗಾಗ ಬಿಚ್ಚಿ ನೋಡಲ್ಪಡುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಸೂಚಿಸಲಾರೆ. ಆದರೆ ಕೊಳ್ಳುವಾಗ ಸ್ಟ್ರೋಕ್, ರಾಡ್, ಶಾಫ್ಟಿನ ಲೋಹ, ಗರಿಷ್ಠ ಆರ್‌ಪಿಎಂ, ಸೂಪರ್‌ಚಾರ್ಜರ್ ಇದೆಯೇ ಇಲ್ಲವೇ ಎಂಬ ವಿವರಗಳನ್ನು ತಯಾರಕರಿಗೆ ಕೊಟ್ಟೇ ಕೊಳ್ಳಬೇಕು. ವಿವರ ಕೊಡದೆ ಪೆಟ್ಟಿಗೆಯಿಂದ ತೆಗೆದು ಹಾಕಿದರೆ ಶ್ರುತಿಯ ಸೌಲಭ್ಯಕ್ಕೆ ದುಡ್ಡು ಕೊಟ್ಟು ಶ್ರುತಿ ಮಾಡದೆ ಬಿಟ್ಟಂತಾಗುತ್ತದೆ.

ಎರಡನೆಯದು ಫ್ಲೂಯಿಡ್‌ಆಂಪರ್. ಇದರಲ್ಲಿ ರಬ್ಬರೇ ಇಲ್ಲ. ಮುಚ್ಚಿ ಬೆಸೆದ ಉಕ್ಕಿನ ಕವಚದೊಳಗೆ ಭಾರದ ಉಂಗುರವೊಂದು ಯಾವುದಕ್ಕೂ ಕಟ್ಟಿಕೊಳ್ಳದೆ ಇರುತ್ತದೆ, ಅದರ ಸುತ್ತಲ ಕೂದಲೆಳೆಯಂಥ ಸಂದಿಯಲ್ಲಿ ಜೇನಿಗಿಂತಲೂ ಎಷ್ಟೋ ಪಾಲು ಗಟ್ಟಿಯಾದ ಸಿಲಿಕೋನ್ ದ್ರವ ತುಂಬಿರುತ್ತದೆ. ಶಾಫ್ಟು ಒಂದೇ ಸಮನೆ ತಿರುಗುವಾಗ ಉಂಗುರವೂ ಜೊತೆಯಲ್ಲೇ ತಿರುಗುತ್ತದೆ. ಶಾಫ್ಟು ತಿರುಚಿ ಅದುರಿದಾಗ ಕವಚ ಅದರೊಡನೆ ಅದುರುತ್ತದೆ, ಉಂಗುರ ಮಾತ್ರ ತನ್ನ ಜಡತ್ವದಿಂದ ಹಿಂದುಳಿಯುತ್ತದೆ, ಅವೆರಡರ ನಡುವೆ ಸಿಕ್ಕಿದ ದ್ರವ ಅರೆದುಕೊಂಡು ಕಂಪನವನ್ನು ಶಾಖವಾಗಿಸುತ್ತದೆ. ಇಲ್ಲಿ ಸ್ಪ್ರಿಂಗಿನಂತೆ ವರ್ತಿಸುವ ಭಾಗವಿಲ್ಲದ ಕಾರಣ ನಿರ್ದಿಷ್ಟ ಶ್ರುತಿಯೂ ಇಲ್ಲ. ಒಂದೇ ಬಿಂದುವಿನಲ್ಲಿ ಅದು ಚೆನ್ನಾಗಿ ಶ್ರುತಿಗೂಡಿದ ರಬ್ಬರಿನಷ್ಟು ತೀಕ್ಷ್ಣವಲ್ಲ ಎಂಬ ವಾದದಲ್ಲಿ ಸತ್ಯವಿದೆ, ಆದರೆ ವೇಗದ ಉದ್ದನೆಯ ಪಟ್ಟಿಯಲ್ಲಿ ಅದು ಎಲ್ಲಿಯೂ ಕೈಬಿಡುವುದಿಲ್ಲ. ನಾಳೆ ಪಿಸ್ಟನ್ ಬದಲಾಯಿಸಿದರೆ, ಕ್ಲಚ್ ಹಗುರ ಮಾಡಿದರೆ ಮತ್ತೆ ಶ್ರುತಿಯ ಚಿಂತೆಯಿಲ್ಲ. ಕವಚ ಹಬ್ಬಿಗೆ ಗಟ್ಟಿಯಾಗಿ ಕೂಡಿರುವುದರಿಂದ ಟೈಮಿಂಗ್ ಗುರುತು ಜಾರುವ ಪ್ರಶ್ನೆಯೂ ಇಲ್ಲ. ನನ್ನಂತೆ ಒಮ್ಮೆ ಮೋಸಹೋದವನಿಗೆ ಅದೊಂದೇ ಸಾಕಿತ್ತು.

ಇದರ ದೌರ್ಬಲ್ಯ ಬೇರೆ ಕಡೆಯಿದೆ. ಆ ಕೂದಲೆಳೆಯ ಸಂದಿಯೇ ಇದರ ಜೀವ. ಕವಚಕ್ಕೆ ಸುತ್ತಿಗೆಯ ಒಂದು ಪೆಟ್ಟು ಬಿದ್ದು ತಗ್ಗಾದರೂ ಉಂಗುರ ಸಿಕ್ಕಿಕೊಂಡು, ಡ್ಯಾಂಪರ್ ಬರಿಯ ಭಾರದ ಗುಂಡಾಗಿಬಿಡಬಹುದು. ಕವಚಕ್ಕೆ ತೂತು ಕೊರೆಯುವುದಂತೂ ಸರ್ವಥಾ ಸಲ್ಲದು. ಬಿಚ್ಚಿ ನೋಡುವಂತಿಲ್ಲ, ಆದ್ದರಿಂದ ಹಳೆಯದನ್ನು ಯಾರಾದರೂ ಮಾರಲು ತಂದರೆ ಒಳಗಿನ ಸ್ಥಿತಿ ಹೇಗಿದೆಯೆಂದು ತಿಳಿಯುವ ಸುಲಭದ ದಾರಿಯಿಲ್ಲ. ಎಷ್ಟೇ ಅಗ್ಗವಾದರೂ ನಾನು ಬಳಸಿದ್ದನ್ನು ಕೊಳ್ಳುವುದಿಲ್ಲ.

ಟಿಸಿಐ ಸಂಸ್ಥೆಯ ರ‍್ಯಾಟ್ಲರ್ ಎಂಬ ನಾಲ್ಕನೆಯ ಬಗೆಯದನ್ನು ನಾನು ಬಳಸಿಲ್ಲ, ಆದ್ದರಿಂದ ಅದರ ತತ್ವವನ್ನಷ್ಟೇ ಹೇಳುತ್ತೇನೆ. ಅದರಲ್ಲಿ ರಬ್ಬರೂ ಇಲ್ಲ, ದ್ರವವೂ ಇಲ್ಲ; ಲೋಹದ ಉರುಳೆಗಳು ತಮ್ಮ ಗೂಡುಗಳಲ್ಲಿ ಲೋಲಕದಂತೆ ಆಚೀಚೆ ಉರುಳಿ ಕಂಪನಕ್ಕೆ ಎದುರಾಗುತ್ತವೆ. ವೇಗ ಏರಿದಂತೆ ಕೇಂದ್ರಾಪಗಾಮಿ ಬಲವೂ ಏರಿ ಲೋಲಕದ ಆವೃತ್ತಿಯೂ ತಾನಾಗಿ ಏರುವುದು ಇದರ ಸೊಗಸು. ವಿಮಾನಗಳ ದೊಡ್ಡ ರೇಡಿಯಲ್ ಎಂಜಿನ್ನುಗಳ ಕ್ರ್ಯಾಂಕ್‌ಶಾಫ್ಟುಗಳಲ್ಲಿ ಇದೇ ತತ್ವ ದಶಕಗಳ ಕಾಲ ದುಡಿದಿದೆ.

ಡ್ಯಾಂಪರ್ ತೆಗೆದು ಅದರ ಜಾಗದಲ್ಲಿ ಹಗುರವಾದ ಅಲ್ಯೂಮಿನಿಯಂ ಪುಲ್ಲಿ ಹಾಕುವ ಚಾಳಿಯ ಬಗ್ಗೆ ಎರಡು ಮಾತು ಕಟುವಾಗಿಯೇ ಹೇಳಬೇಕಾಗಿದೆ. ಎಂಜಿನ್ನು ಬೇಗ ಏರುತ್ತದೆ ಎಂಬ ಅವರ ಅನುಭವ ಸುಳ್ಳಲ್ಲ, ಜಡತ್ವ ಕಡಿಮೆಯಾದರೆ ಹಾಗಾಗಲೇಬೇಕು. ಕೆಲವು ಸಣ್ಣ ನಾಲ್ಕು ಸಿಲಿಂಡರ್ ಎಂಜಿನ್ನುಗಳಿಗೆ ಕಾರ್ಖಾನೆಯಲ್ಲೇ ಡ್ಯಾಂಪರ್ ಇರುವುದಿಲ್ಲ, ಅಲ್ಲಿ ಆಕ್ಷೇಪಕ್ಕೆ ಎಡೆಯೂ ಇಲ್ಲ. ಆದರೆ ತಯಾರಕರು ಖರ್ಚು ಮಾಡಿ ಡ್ಯಾಂಪರ್ ಕೊಟ್ಟಿರುವ ಎಂಜಿನ್ನಿನಿಂದ, ಅದರಲ್ಲೂ ಉದ್ದ ಶಾಫ್ಟಿನ ಆರು ಸಿಲಿಂಡರ್ ಎಂಜಿನ್ನಿನಿಂದ ಅದನ್ನು ಕಿತ್ತರೆ ಕಂಪನ ಎಲ್ಲಿಗೆ ಹೋಗಬೇಕು? ಅದು ಮೇನ್ ಬೇರಿಂಗುಗಳನ್ನು ಸವೆಸುತ್ತದೆ, ಟೈಮಿಂಗ್ ಚೈನನ್ನು ಜಗ್ಗುತ್ತದೆ, ಫ್ಲೈವೀಲಿನ ಬೋಲ್ಟುಗಳನ್ನು ಸಡಿಲಿಸುತ್ತದೆ, ಶಾಫ್ಟಿನ ಮೂತಿಯಿಂದಲೇ ತಿರುಗುವ ಆಯಿಲ್ ಪಂಪನ್ನು ಒಡೆಯುತ್ತದೆ. ನಿಸ್ಸಾನಿನ ಆರು ಸಿಲಿಂಡರಿನ ಆರ್‌ಬಿ26 ಎಂಜಿನ್ನನ್ನು ಹೆಚ್ಚು ವೇಗಕ್ಕೆ ಓಡಿಸುವವರು ಆಯಿಲ್ ಪಂಪಿನ ಗೇರುಗಳ ವಿಷಯದಲ್ಲಿ ಅಷ್ಟೊಂದು ಎಚ್ಚರ ವಹಿಸುವುದು ಸುಮ್ಮನೆ ಅಲ್ಲ.

ಗಾತ್ರದ ಆಯ್ಕೆಯಲ್ಲಿಯೂ ವಿಚಾರ ಮಾಡುವುದು ಬಹಳವಿದೆ. ಸ್ಮಾಲ್ ಬ್ಲಾಕ್ ಷೆವರ್ಲೆಗೆ 6.75 ಇಂಚಿನದೂ 8 ಇಂಚಿನದೂ ಸಾಮಾನ್ಯ. ದಪ್ಪ ಒಂದೇ ಇಟ್ಟುಕೊಂಡು ಎಲ್ಲ ಅಳತೆಗಳೂ ವ್ಯಾಸದೊಂದಿಗೆ ಹಿಗ್ಗಿದರೆ ಜಡತ್ವ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ, ಹಾಗಾಗಿ ಒಂದೂಕಾಲು ಇಂಚಿನ ಈ ವ್ಯತ್ಯಾಸಕ್ಕೆ ಜಡತ್ವ ಸುಮಾರು ಇಮ್ಮಡಿ. ಉದ್ದ ಸ್ಟ್ರೋಕಿನ ನನ್ನ ಎಂಜಿನ್ನಿಗೆ 8 ಇಂಚಿನದನ್ನೇ ಆರಿಸಿದೆ. ಅದರ ಅಂಚಿನಲ್ಲಿ ನಡೆಯುವುದೇನೆಂದು ಒಮ್ಮೆ ಲೆಕ್ಕ ಹಾಕಿದೆ: 8000 ಆರ್‌ಪಿಎಂನಲ್ಲಿ ಅಂಚಿನ ವೇಗ ಸೆಕೆಂಡಿಗೆ 85 ಮೀಟರ್, ಅಲ್ಲಿ ಕುಳಿತ ಒಂದು ಗ್ರಾಂ ಲೋಹ ಏಳು ಕಿಲೋಗ್ರಾಂಗೂ ಮಿಕ್ಕಿದ ಭಾರದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ಎರಕದ ಕಬ್ಬಿಣದ ಹಳೆಯ ಉಂಗುರವನ್ನು ಓಟದ ಎಂಜಿನ್ನಿಗೆ ಹಾಕಬಾರದೆಂದು ಹೇಳುವುದು ಈ ಕಾರಣಕ್ಕೆ. ಅದು ಸಿಡಿದರೆ ಬಾನೆಟ್ಟಿನ ತಗಡು ಅದನ್ನು ತಡೆಯುವುದಿಲ್ಲ.

ಎಸ್‌ಎಫ್‌ಐ 18.1 ಎಂಬ, ಓಟದ ಭಾಗಗಳ ಸುರಕ್ಷತಾ ಮಾನದಂಡದ ಪ್ರಮಾಣಪತ್ರ ಇರುವುದು ಈ ಭಯಕ್ಕಾಗಿ, ಮತ್ತು ಓಟಕ್ಕಿಳಿಯುವವರು ಅದಿಲ್ಲದ್ದನ್ನು ಮುಟ್ಟಬಾರದು. ಆದರೆ ಆ ಚೀಟಿಯನ್ನು ಓದುವಾಗ ಒಂದು ವಿವೇಚನೆ ಬೇಕು. ಅತಿ ವೇಗದಲ್ಲಿ ಈ ಭಾಗ ಚೂರಾಗುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ, ನಿಮ್ಮ ಶಾಫ್ಟಿನ ಕಂಪನವನ್ನು ಎಷ್ಟರಮಟ್ಟಿಗೆ ತಗ್ಗಿಸುತ್ತದೆ ಎಂಬುದನ್ನಲ್ಲ. ಪ್ರಮಾಣಪತ್ರವುಳ್ಳ ಎರಡು ಡ್ಯಾಂಪರುಗಳ ನಡುವೆ ಗುಣದಲ್ಲಿ ಅಜಗಜಾಂತರ ಇರಬಹುದು.

ಇನ್ನು ಸಮತೋಲನದ ವಿಚಾರ; ಬ್ಯಾಲೆನ್ಸರ್ ಎಂಬ ಹೆಸರು ಸ್ವಲ್ಪ ಸಾರ್ಥಕವಾಗುವುದು ಇಲ್ಲಿ ಮಾತ್ರ. ಕೆಲವು ಕ್ರ್ಯಾಂಕ್‌ಶಾಫ್ಟುಗಳ ಸಮತೋಲನ ತಮ್ಮೊಳಗೇ ಪೂರ್ಣವಾಗಿರುತ್ತದೆ, ಕೆಲವು ಡ್ಯಾಂಪರಿನಲ್ಲಿಯೂ ಫ್ಲೈವೀಲಿನಲ್ಲಿಯೂ ಒಂದು ಬದಿಗೆ ಇಟ್ಟ ಹೆಚ್ಚುವರಿ ತೂಕವನ್ನು ನೆಚ್ಚಿರುತ್ತವೆ. ಕಾರ್ಖಾನೆಯ 350 ಎಂಜಿನ್ನಿನ ಮುಂಬದಿಗೆ ಅಂಥ ತೂಕ ಬೇಡ, ಅದೇ ಕುಟುಂಬದ 400 ಘನ ಇಂಚಿನದಕ್ಕೆ ಬೇಕು. 383 ಇವೆರಡರ ಮಗು, ಆದ್ದರಿಂದ ಅದರ ಶಾಫ್ಟು ಯಾವ ಕಡೆಗೆ ಸೇರಿದ್ದೆಂದು ಮಾರುವವರನ್ನು ಕೇಳಿಯೇ ತಿಳಿಯಬೇಕು. ಫೋರ್ಡಿನ 302 ಎಂಜಿನ್ನಿನಲ್ಲಿ ಈ ಹೆಚ್ಚುವರಿ ತೂಕದ ಅಳತೆ ಹಳೆಯದಕ್ಕೆ 28 ಔನ್ಸ್-ಇಂಚು, 1980ರ ದಶಕದ ಆರಂಭದಿಂದೀಚಿನದಕ್ಕೆ 50. ನೋಟಕ್ಕೆ ಒಂದೇ ರೀತಿ, ಶಾಫ್ಟಿಗೂ ಕೂರುತ್ತದೆ, ಆದರೆ ತಪ್ಪಿ ಹಾಕಿದರೆ ಎಂಜಿನ್ನು ಹಲ್ಲು ಅಲುಗುವಂತೆ ನಡುಗುತ್ತದೆ.

ಎಷ್ಟೇ ಒಳ್ಳೆಯ ಡ್ಯಾಂಪರ್ ತಂದರೂ ಕೂರಿಸುವಾಗ ಕೆಡಿಸಿಕೊಳ್ಳುವವರು ಇದ್ದಾರೆ. ಹಬ್ಬಿನ ತೂತು ಶಾಫ್ಟಿನ ಮೂತಿಗಿಂತ ಒಂದಿಷ್ಟು ಕಿರಿದಾಗಿರಲೇಬೇಕು. ನನ್ನ ಎಂಜಿನ್ನಿನಲ್ಲಿ ಸುಮಾರು ಸಾವಿರದ ಒಂದಂಶ ಇಂಚು, ಅಂದರೆ 25 ಮೈಕ್ರೋಮೀಟರ್ ಬಿಗಿಯಿಟ್ಟೆ. ಸಡಿಲವಾದರೆ ಶಾಫ್ಟಿನ ಕಂಪನ ಡ್ಯಾಂಪರನ್ನು ತಲುಪುವುದೇ ಇಲ್ಲ, ಹಬ್ಬನ್ನೂ ಶಾಫ್ಟನ್ನೂ ಕಚ್ಚಿಹಿಡಿಯುವ ಕೀ ಎಂಬ ಸಣ್ಣ ತುಂಡು ಪುಡಿಯಾಗುತ್ತದೆ; ಅತಿ ಬಿಗಿಯಾದರೆ ಅರ್ಧಕ್ಕೆ ಸಿಕ್ಕಿ ನಿಲ್ಲುತ್ತದೆ. ಅಂದಾಜಿಗೆ ಬಿಡದೆ ಮೂತಿಯನ್ನು ಮೈಕ್ರೋಮೀಟರಿನಿಂದಲೂ ತೂತನ್ನು ಬೋರ್ ಗೇಜಿನಿಂದಲೂ ಅಳೆದು, ಅಗತ್ಯವಿದ್ದರೆ ಹೋನ್ ಮಾಡಿಸಿ, ಕೂರಿಸುವ ಉಪಕರಣದಿಂದಲೇ ಎಳೆದುಕೊಳ್ಳಬೇಕು. ಸುತ್ತಿಗೆಯಿಂದ ಬಡಿಯುವವರು, ಶಾಫ್ಟು ಹಿಂದುಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗಿಗೂ ಬಡಿಯುತ್ತಿದ್ದಾರೆ ಎಂಬುದನ್ನು ಮರೆಯಬಾರದು. ಜನರಲ್ ಮೋಟರ್ಸ್‌ನ ಎಲ್‌ಎಸ್ ಎಂಜಿನ್ನುಗಳಲ್ಲಿ ಈ ಬಿಗಿತ ಇನ್ನೂ ನಿರ್ಣಾಯಕ, ಏಕೆಂದರೆ ಅಲ್ಲಿ ಈ ಕೀಯೇ ಇಲ್ಲ. ಎಲ್‌ಎಸ್1ರಲ್ಲಿ ಹಳೆಯ ಬೋಲ್ಟಿನಿಂದ 330 ನ್ಯೂಟನ್ ಮೀಟರ್ ಬಿಗಿದು ಡ್ಯಾಂಪರನ್ನು ಪೂರ್ತಿ ಕೂರಿಸಿ, ಅದನ್ನು ತೆಗೆದು ಹೊಸ ಬೋಲ್ಟನ್ನು 50 ನ್ಯೂಟನ್ ಮೀಟರಿಗೆ ಬಿಗಿದು ಮೇಲೆ 140 ಡಿಗ್ರಿ ತಿರುಗಿಸಬೇಕು. ಹೊಸ ಬೋಲ್ಟನ್ನು ಉಳಿಸಹೊರಟವರ ಡ್ಯಾಂಪರ್ ಬಿಚ್ಚಿಕೊಂಡದ್ದುಂಟು. ಸೂಪರ್‌ಚಾರ್ಜರಿನ ಬೆಲ್ಟು ಎಳೆಯುವ ಎಂಜಿನ್ನಾದರೆ ಹಬ್ಬಿಗೂ ಶಾಫ್ಟಿಗೂ ಪಿನ್ ಹಾಕಿಸುವುದು ವಿಹಿತ. ಕಾರ್ವೆಟ್, ಕಮಾರೊ, ಟ್ರಕ್ಕುಗಳ ಬೆಲ್ಟಿನ ಸಾಲು ಬೇರೆ ಬೇರೆ ದೂರದಲ್ಲಿರುವುದರಿಂದ, ಎಲ್‌ಎಸ್‌ಗೆ ಕೊಳ್ಳುವವರು ಅದನ್ನೂ ಮೊದಲೇ ನೋಡಿಕೊಳ್ಳಬೇಕು.

ನನ್ನ 383ರಲ್ಲಿ ಈಗ ಉಳಿದಿರುವುದು ಸಿಲಿಕೋನಿನದು. ಎಟಿಐಯದು ಕಳಪೆ ಎಂದಲ್ಲ. ಎಂಜಿನ್ನು ರಸ್ತೆಯಲ್ಲಿ 1500ರಿಂದ 3000ದ ನಡುವೆ ಗಂಟೆಗಟ್ಟಲೆ ಓಡಿ, ಟ್ರ್ಯಾಕಿಗೆ ಹೋದ ದಿನ 6500ರವರೆಗೂ ಏರುವುದರಿಂದ, ಒಂದೇ ಶ್ರುತಿಗಿಂತ ಅಗಲವಾದ ಹಿಡಿತ ನನಗೆ ಬೇಕಿತ್ತು, ಮತ್ತು ಓ-ರಿಂಗುಗಳ ವಯಸ್ಸನ್ನು ನೆನಪಿಟ್ಟುಕೊಂಡು ಬಿಚ್ಚಿ ಕಟ್ಟುವ ಶಿಸ್ತು ನನ್ನಲ್ಲಿಲ್ಲ. ಆ ಎಟಿಐ ಡ್ಯಾಂಪರ್ ಈಗ ಡ್ರ್ಯಾಗ್ ಓಡಿಸುವ ಗೆಳೆಯನ ಎಂಜಿನ್ನಿನಲ್ಲಿದೆ. ಅವನು ತನ್ನ ಶಾಫ್ಟಿನ ವಿವರ ಕೊಟ್ಟು ಓ-ರಿಂಗುಗಳನ್ನು ಬದಲಾಯಿಸಿಕೊಂಡು ತೃಪ್ತನಾಗಿದ್ದಾನೆ. ಸಿಲಿಕೋನಿಗೆ ಬದಲಾದ ಮೇಲೆ ಅಶ್ವಶಕ್ತಿ ಹೆಚ್ಚಿತೆಂದು ನಾನು ಹೇಳಲಾರೆ. ಸುಮಾರು 4000 ಆರ್‌ಪಿಎಂನಲ್ಲಿ ಗೇರ್ ಲಿವರಿನಲ್ಲಿ ಕಾಣಿಸುತ್ತಿದ್ದ ಒಂದು ಸಣ್ಣ ಝೇಂಕಾರ ಇಲ್ಲವಾಗಿದೆ, ಟೈಮಿಂಗ್ ಲೈಟಿನ ಬೆಳಕಿನಲ್ಲಿ ಗುರುತು ಮೊದಲಿಗಿಂತ ನಿಶ್ಚಲವಾಗಿ ನಿಲ್ಲುತ್ತದೆ, ಮತ್ತು ಇತ್ತೀಚೆಗೆ ಎಣ್ಣೆ ತಟ್ಟೆ ಇಳಿಸಿ ನೋಡಿದಾಗ ಮೊದಲ ಮೇನ್ ಬೇರಿಂಗಿನ ಮೈ ಉಳಿದವುಗಳಷ್ಟೇ ಸಮನಾಗಿ ಸವೆದಿತ್ತು. ಆ ಅಗ್ಗದ ಬ್ಯಾಲೆನ್ಸರಿನ ಕಾಲದಲ್ಲಿ ಅದೊಂದೇ ಬೇರಿಂಗ್ ಅಂಚಿನಲ್ಲಿ ತಾಮ್ರದ ಬಣ್ಣ ತೋರಿಸುತ್ತಿತ್ತು.

ರಬ್ಬರಿನದನ್ನೇ ಇಟ್ಟುಕೊಂಡಿರುವವರು ಹಬ್ಬಿನಿಂದ ಉಂಗುರದವರೆಗೆ ಅಡ್ಡಲಾಗಿ ಬಿಳಿ ಬಣ್ಣದ ಒಂದು ತೆಳು ಗೆರೆ ಎಳೆದಿಟ್ಟುಕೊಳ್ಳಲಿ. ಎಣ್ಣೆ ಬದಲಾಯಿಸುವಾಗಲೆಲ್ಲ ಒಮ್ಮೆ ಬಗ್ಗಿ ನೋಡಿದರೆ ಸಾಕು. ಗೆರೆ ಎರಡು ತುಂಡಾಗಿ ಸರಿದಿದ್ದರೆ ಅಂದೇ ಡ್ಯಾಂಪರನ್ನು ಕಳಚಬೇಕು.